ವ್ಯೋಮನೌಕೆಯ ಯೋಗಕ್ಷೇಮ



ಕಳೆದ ತಿಂಗಳು ಒಂದು ಸಂಜೆ ಗುಡುಗುಮಳೆ ಸುರಿದು ನಿಂತ ಮೇಲೆ, ನಮ್ಮ ಬೀದಿಯ ದೀಪಗಳೆಲ್ಲ ಕ್ಷಣಕಾಲ ಅತಿಶಯವಾಗಿ ಬೆಳಗಿ ಒಡನೆಯೇ ಆರಿಹೋದುವು. ಮರುದಿನ ನೋಡಲಾಗಿ ನೆರೆಮನೆಯವರ ಫ್ರಿಜ್ಜು ಕೆಟ್ಟುಹೋಗಿದ್ದಿತು, ನಮ್ಮದು ಉಳಿದುಕೊಂಡಿತು. ಉಳಿಸಿದ್ದು ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದ ಸ್ಟೆಬಿಲೈಸರ್ ಎಂಬ ಪೆಟ್ಟಿಗೆ. ಹತ್ತು ವರ್ಷಗಳಿಂದ ಅದನ್ನು ನಮ್ಮಲ್ಲಿ ಯಾರೂ ಕಣ್ಣೆತ್ತಿ ನೋಡಿದವರಲ್ಲ. "ತಾತ, ಆಕಾಶದಲ್ಲಿ ತಿರುಗುವ ಉಪಗ್ರಹಕ್ಕೂ ಸ್ಟೆಬಿಲೈಸರ್ ಇರುತ್ತದೆಯೆ?" ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಹೇಳಿದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಈ ಸಲ ನಿಮ್ಮ ಮುಂದಿಡುತ್ತೇನೆ.

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲು ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಈ ಒಂದು ಪದದೊಳಗೆ ಎರಡು ಅರ್ಥಗಳುಂಟು. ಇಲ್ಲದ್ದನ್ನು ದೊರಕಿಸಿಕೊಳ್ಳುವುದು ಯೋಗ; ದೊರೆತದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ವ್ಯೋಮನೌಕೆಯ ರೆಕ್ಕೆಗಳಂತೆ ಚಾಚಿರುವ ಸೌರಫಲಕಗಳು ಸೂರ್ಯನಿಂದ ವಿದ್ಯುತ್ತನ್ನು ಪಡೆಯುವುದು ಯೋಗವೆನ್ನೋಣ. ಚಿತ್ರಪಟಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಅದೇ. ಆದರೆ ಆ ವಿದ್ಯುತ್ತನ್ನು ಹದಗೊಳಿಸಿ, ಪ್ರತಿಯೊಂದು ಯಂತ್ರಕ್ಕೂ ಅದರದರ ಯೋಗ್ಯತೆಗೆ ತಕ್ಕಷ್ಟು ಉಣಬಡಿಸುವ ಸಣ್ಣ ಪೆಟ್ಟಿಗೆಗಳೇ ಅದರ ಕ್ಷೇಮ. ಅವು ಒಳಗಡೆ ಅಡಗಿರುತ್ತವೆ.

ಈ ಕ್ಷೇಮ ತಪ್ಪಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ನೆಯ ಇಸವಿ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರ್ ನೆಲೆಯಿಂದ ಮೇಲೇರಿತು. ನಾನು ಆಗ ಹತ್ತು ವರ್ಷದ ಬಾಲಕ. ಎರಡು ರೂಪಾಯಿ ನೋಟಿನ ಮೇಲೆ ಅದರ ಚಿತ್ರ ಬಂದಾಗ, ತಂದೆಯವರಿಂದ ಒಂದನ್ನು ಬೇಡಿ ಪಡೆದು ಬಹುಕಾಲ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಸುಮಾರು 46 ವ್ಯಾಟ್ ವಿದ್ಯುತ್ತಿನಿಂದ ನಡೆಯುತ್ತಿದ್ದ ಆ ಉಪಗ್ರಹದ ವೈಜ್ಞಾನಿಕ ಪ್ರಯೋಗಗಳು ನಾಲ್ಕೇ ದಿನಗಳಲ್ಲಿ, ವಿದ್ಯುತ್ ಪೂರೈಕೆಯ ದೋಷದಿಂದ ನಿಂತುಹೋದುವೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದಾಗ ಮನಸ್ಸಿಗೆ ನೋವಾಯಿತು. ಅಭಿಮಾನ ಮಾತ್ರ ಕುಂದಲಿಲ್ಲ. ಮೊದಲ ಮಗು ತೊದಲಿದ ಮಾತ್ರಕ್ಕೆ ಹೆತ್ತವರು ಅದನ್ನು ಹಳಿಯುವರೆ?

ಇಷ್ಟಕ್ಕೂ ಇದರಲ್ಲಿರುವ ಕಷ್ಟವೇನು? ಭೂಮಿಯ ಸಮೀಪದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಪ್ರದಕ್ಷಿಣೆಗೆ ಸುಮಾರು ಒಂದೂವರೆ ಗಂಟೆ ಸಾಕು. ಬಹುತೇಕ ಕಕ್ಷೆಗಳಲ್ಲಿ ಅದರೊಳಗೆ ಅರ್ಧ ಗಂಟೆಗೂ ಮೀರಿ ಭೂಮಿಯ ನೆರಳು. ನೆರಳಿನಲ್ಲಿ ಬ್ಯಾಟರಿಯೇ ಗತಿ. ಚಳಿಯಿಂದ ತಣ್ಣಗಾದ ಫಲಕಗಳು ಮತ್ತೆ ಬಿಸಿಲಿಗೆ ಬಂದೊಡನೆ, ಬಿಸಿಯಾಗುವ ತನಕ, ಎಂದಿಗಿಂತ ಹೆಚ್ಚಿನ ವೋಲ್ಟೇಜನ್ನು ಕೊಡುತ್ತವೆ. ನಮ್ಮ ಬೀದಿಯಲ್ಲಿ ಅಪರೂಪಕ್ಕೆ ಬಂದ ಏರಿಳಿತ ಅಲ್ಲಿ ದಿನಕ್ಕೆ ಹದಿನೈದು ಸಲ! ಇತ್ತ ಗಣಕದ ಸೂಕ್ಷ್ಮ ಚಿಪ್ಪುಗಳು ಬೇಡುವುದು 5 ವೋಲ್ಟ್, 3.3 ವೋಲ್ಟ್, ಕೆಲವಕ್ಕೆ ಕೇವಲ 1 ವೋಲ್ಟ್. ಅದರಲ್ಲಿಯೂ ನೂರಕ್ಕೆ ಐದರಷ್ಟು ಹೆಚ್ಚುಕಡಮೆಯನ್ನು ಸಹಿಸುವುದೇ ಬಹಳ.

28 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸುಲಭೋಪಾಯವೆಂದರೆ, ಮಿಕ್ಕ 23 ವೋಲ್ಟನ್ನು ಶಾಖವಾಗಿ ಸುಟ್ಟುಬಿಡುವುದು. ಆಗ ನೂರು ಪಾಲಿನಲ್ಲಿ ಎಂಬತ್ತೆರಡು ಪಾಲು ದಂಡ. ಅಲ್ಲಿ ಗಾಳಿಯೂ ಇಲ್ಲದ ಕಾರಣ ಆ ಶಾಖ ಬೇಗ ಆರುವಂತೆಯೂ ಇಲ್ಲ. ಆದುದರಿಂದ ಬೇರೊಂದು ಉಪಾಯವನ್ನು ಅನುಸರಿಸುತ್ತಾರೆ. ಶಿವಾಲಯದಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ನೋಡಿರುವಿರಷ್ಟೆ. ಅರ್ಚಕರು ಆಗಾಗ ಒಂದೊಂದು ತಂಬಿಗೆ ನೀರನ್ನು ಸುರಿಯುವರು. ಆದರೂ ಕೆಳಗೆ ಬೀಳುವ ಧಾರೆ ಒಂದೇ ಸಮ. ಪಾತ್ರೆಯ ಮಟ್ಟ ತಗ್ಗಿದರೆ ಬೇಗ ಸುರಿಯುವರು, ಏರಿದರೆ ತಡೆಯುವರು. ಪರಿವರ್ತಕದಲ್ಲಿಯೂ ಹೀಗೆಯೇ. ಒಂದು ಸ್ವಿಚ್ಚು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತ ವಿದ್ಯುತ್ತನ್ನು ತಂಬಿಗೆ ತಂಬಿಗೆಯಾಗಿ ಒಳಬಿಡುವುದು. ತಂತಿಯ ಸುರುಳಿಯೂ ಧಾರಕವೂ ಅದನ್ನು ತುಂಬಿಕೊಂಡು ಸಮಧಾರೆಯಾಗಿ ಹರಿಸುವುವು. ಮಟ್ಟವನ್ನು ನೋಡುತ್ತಿರುವ ಮಂಡಲವೇ ಅರ್ಚಕ.

ಇನ್ನೊಂದು ಸಣ್ಣ ಲೆಕ್ಕವುಂಟು. ಮೇಷ್ಟರ ಚಪಲವೆಂದು ಕ್ಷಮಿಸಿರಿ. ಒಂದು ಚಿಪ್ಪಿಗೆ 20 ವ್ಯಾಟ್ ಬೇಕೆನ್ನಿ. ಅದನ್ನು 1 ವೋಲ್ಟಿನಲ್ಲಿ ಕಳುಹಿಸಿದರೆ ತಂತಿಯಲ್ಲಿ 20 ಆಂಪಿಯರ್ ಹರಿಯಬೇಕು. ತಂತಿಯ ಪ್ರತಿರೋಧ ಓಮಿನ ನೂರನೆಯ ಒಂದು ಪಾಲಾದರೂ 0.2 ವೋಲ್ಟ್, ಎಂದರೆ ಐದನೆಯ ಒಂದು ಭಾಗ, ದಾರಿಯಲ್ಲೇ ಲಯವಾಗುವುದು. 28 ವೋಲ್ಟಿನಲ್ಲಿ ಕಳುಹಿಸಿದರೆ ಹರಿಯುವುದು 0.71 ಆಂಪಿಯರ್, ನಷ್ಟ 0.007 ವೋಲ್ಟ್ ಮಾತ್ರ. ಆದಕಾರಣ ದೊಡ್ಡ ವೋಲ್ಟೇಜನ್ನು ಬಾಗಿಲ ತನಕ ಒಯ್ದು, ಉಣ್ಣುವವನ ಪಕ್ಕದಲ್ಲಿಯೇ ಸಣ್ಣದಾಗಿ ಇಳಿಸುತ್ತಾರೆ.

ಇಷ್ಟು ಮಾಡಿದರೂ ಮತ್ತೊಬ್ಬ ಶತ್ರು ಉಂಟು; ಅದು ವಿಕಿರಣ. ಬಾಹ್ಯಾಕಾಶದ ವೇಗದ ಕಣವೊಂದು ತಗುಲಿದರೆ ಸ್ವಿಚ್ಚಾಗಿ ದುಡಿಯುವ ಟ್ರಾನ್ಸಿಸ್ಟರು ನಿಮಿಷಾರ್ಧದಲ್ಲಿ ಸುಟ್ಟುಹೋಗಬಹುದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ಎರಡು ವರ್ಷ ಬಾಳಬೇಕಾಗಿದ್ದಿತು. 2009ರ ಆಗಸ್ಟ್ 29ರಂದು ಅದರ ಮಾತು ನಿಂತುಹೋಯಿತು. ಮುಖ್ಯ ಗಣಕಕ್ಕೂ ಬದಲಿ ಗಣಕಕ್ಕೂ ವಿದ್ಯುತ್ತನ್ನು ಒದಗಿಸುತ್ತಿದ್ದ ಘಟಕಗಳು ವಿಕಿರಣದಿಂದ ಕೆಟ್ಟಿರಬಹುದೆಂದು ಯೋಜನಾ ನಿರ್ದೇಶಕರಾಗಿದ್ದ ಮಯಿಲ್‌ಸ್ವಾಮಿ ಅಣ್ಣಾದುರೈಯವರು ಅಭಿಪ್ರಾಯಪಟ್ಟರು. ಇದರಲ್ಲಿ ವಿಚಾರಾರ್ಹವಾದ ನೀತಿಯಿದೆ. ಬದಲಿಗೆಂದು ಇಟ್ಟದ್ದು ಮೊದಲಿನದರ ಅವಳಿಯೇ ಆದರೆ, ಒಂದಕ್ಕೆ ತಗುಲಿದ ರೋಗ ಇನ್ನೊಂದಕ್ಕೂ ತಗುಲದಿರದು. ಅದಕ್ಕಾಗಿಯೇ ಭಾಗಗಳನ್ನು ನೆಲದ ಮೇಲೆಯೇ ವಿಕಿರಣಕ್ಕೆ ಒಡ್ಡಿ, ನಿರ್ವಾತದಲ್ಲಿ ಕಾಯಿಸಿ ತಣಿಸಿ, ಅಲುಗಾಡಿಸಿ ಪರೀಕ್ಷಿಸುವರು. ತಡೆಯಬಲ್ಲ ಭಾರಕ್ಕಿಂತ ಬಹಳ ಕಡಮೆಯನ್ನೇ ಹೊರಿಸುವರು. ಏತಕ್ಕೆಂದರೆ, ಅಲ್ಲಿಗೆ ರಿಪೇರಿಯವನನ್ನು ಕರೆಯಿಸುವಂತಿಲ್ಲ.

ಒಂದು ಸಂತೋಷದ ವೃತ್ತಾಂತವನ್ನು ಹೇಳಿ ಮುಗಿಸುವೆನು. ಅಮೆರಿಕೆಯ ವಾಯೇಜರ್-2 ನೌಕೆ 1977ರಲ್ಲಿ ಹೊರಟಿತು. ಅದರ ವಿದ್ಯುತ್ತು ಪ್ಲುಟೋನಿಯಮಿನ ಶಾಖದಿಂದ ಬರತಕ್ಕದ್ದು. ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ವೋಲ್ಟೇಜು ಏರುಪೇರಾದರೆ ನೌಕೆಯನ್ನು ಉಳಿಸಲೆಂದು ಅದರಲ್ಲಿ ಸ್ವಲ್ಪ ವಿದ್ಯುತ್ತನ್ನು ಮೀಸಲಿಟ್ಟಿದ್ದರು. ನಾಲ್ವತ್ತೈದು ವರ್ಷಗಳ ಮೇಲೆಯೂ ವೋಲ್ಟೇಜು ಸ್ಥಿರವಾಗಿಯೇ ಇದ್ದುದನ್ನು ಕಂಡು, 2023ರಲ್ಲಿ ಎಂಜಿನಿಯರುಗಳು ಆ ಮೀಸಲನ್ನೇ ವಿಜ್ಞಾನದ ಉಪಕರಣಗಳಿಗೆ ಬಡಿಸಿದರು. 2024ರಲ್ಲಿ ಒಂದು ಉಪಕರಣವನ್ನು ನಿಲ್ಲಿಸಬೇಕಾಗಿ ಬಂದಿತಾದರೂ, ಆ ಹಿಡಿಯಷ್ಟು ಮೀಸಲು ಒಂದೂವರೆ ವರ್ಷದ ಮಟ್ಟಿಗೆ ಅದನ್ನು ಮುಂದೂಡಿತು.

ಇದನ್ನು ಕೇಳಿದ ಮೊಮ್ಮಗಳು, "ಅಜ್ಜಿ ಅಕ್ಕಿಡಬ್ಬದ ತಳದಲ್ಲಿ ದುಡ್ಡು ಇಡುತ್ತಾಳಲ್ಲ, ಹಾಗೆಯೆ?" ಎಂದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮೂವತ್ತೈದು ವರ್ಷ ನಾನು ತಂದ ಸಂಬಳವನ್ನೇ ಈ ಮನೆಯ ಆಧಾರವೆಂದು ಬಗೆದಿದ್ದೆ. ಅದು ಬರಿಯ ಯೋಗ. ತಿಂಗಳ ಕೊನೆಯಲ್ಲಿಯೂ ಒಲೆ ಆರದಂತೆ ನೋಡಿಕೊಂಡ ಕ್ಷೇಮ ಯಾರದೆಂಬುದನ್ನು ಮಗು ತೋರಿಸಿಕೊಟ್ಟಿತು. ಆ ದಿನವೇ ಸ್ಟೆಬಿಲೈಸರಿನ ಧೂಳನ್ನು ಒರೆಸಿದೆ. ಆಮೇಲೆ ಅಡಿಗೆಮನೆಗೆ ಹೋಗಿ, ಹೇಳಬೇಕಾಗಿದ್ದ ಎರಡು ಮಾತನ್ನು ತಡವಾಗಿಯಾದರೂ ಹೇಳಿಬಂದೆ.