ಹಳೆ ಫೋಮಿನಿಂದ ಹೊಸ ಹಾಸಿಗೆ: ಡಚ್ಚರ ದಾರಿ ಸರಿಯೇ?

ನೆದರ್ಲ್ಯಾಂಡ್ಸ್‌ನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಹಾಸಿಗೆಗಳು ಮನೆಯಿಂದ ಹೊರಬೀಳುತ್ತವೆ. ಬಳಸಿ ಮುಗಿದ ಹಾಸಿಗೆಯನ್ನು ಏನು ಮಾಡಬೇಕೆಂಬ ಹೊಣೆ 2022ರ ಜನವರಿ 1ರಿಂದ ಅದನ್ನು ತಯಾರಿಸುವವರ, ಆಮದು ಮಾಡುವವರ ತಲೆಗೇ ಬಂದಿದೆ. ಅವರೆಲ್ಲ ಸೇರಿ ಕಟ್ಟಿಕೊಂಡ ‘ಮಾಟ್ರಾಸ್ ರಿಸೈಕ್ಲಿಂಗ್ ನೆದರ್ಲ್ಯಾಂಡ್’ ಸಂಸ್ಥೆ ಈ ಕೆಲಸ ನೋಡಿಕೊಳ್ಳುತ್ತದೆ. ಅದರ ಖರ್ಚಿಗೆಂದು ಪ್ರತಿ ಹೊಸ ಹಾಸಿಗೆಯ ಮೇಲೆ ಮರುಬಳಕೆ ಶುಲ್ಕವಿದೆ. 2028ರ ಹೊತ್ತಿಗೆ ಹಳೆ ಹಾಸಿಗೆಗಳಲ್ಲಿ ಶೇ 75ರಷ್ಟು ಮರುಬಳಕೆಯಾಗಬೇಕು ಎಂಬುದು ಗುರಿ. ಹಳೆ ಫೋಮನ್ನೇ ಮತ್ತೆ ಫೋಮ್ ಮಾಡಲು ಇಷ್ಟೆಲ್ಲ ಹೆಣಗುವುದು ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ. ನನ್ನ ಒಲವು ವಿರೋಧದ ಕಡೆಗೆ. ಆದರೆ ಪರ ವಾದದ ಮೊದಲ ಮಾತಿಗೆ ನನ್ನ ಬಳಿಯೂ ಉತ್ತರವಿಲ್ಲ.

ಪರ

ಮೊದಲು ಒಂದು ಸರಳ ಪ್ರಶ್ನೆ. ಜನ ಈಗಾಗಲೇ ಮಲಗಿ ಮುಗಿಸಿದ ಹಾಸಿಗೆಗಳನ್ನು ಏನು ಮಾಡುವುದು? ಫೋಮ್ ಕೆಟ್ಟದ್ದು, ಅದನ್ನು ಮಾಡಲೇಬಾರದಿತ್ತು ಎನ್ನಬಹುದು. ಆದರೆ ಅದು ಬಂದಾಗಿದೆ, ಇನ್ನೂ ಹತ್ತಿಪ್ಪತ್ತು ವರ್ಷ ಮನೆಮನೆಯಿಂದ ಹೊರಬೀಳುತ್ತಲೇ ಇರುತ್ತದೆ. ಉರಿಯುವ ಕಸವನ್ನು ಹೂಳಲು ಆ ದೇಶದ ಕಾನೂನು ಬಿಡುವುದಿಲ್ಲ. ಮರುಬಳಕೆ ಇಲ್ಲದಿದ್ದರೆ ಉಳಿಯುವುದು ಕಸ ಸುಡುವ ಕುಲುಮೆಯೊಂದೇ. ಕಚ್ಚಾ ತೈಲದಿಂದ ಬಂದ ಫೋಮನ್ನು ಅಲ್ಲಿ ಸುಟ್ಟರೆ ಒಂದಿಷ್ಟು ವಿದ್ಯುತ್ತು ಸಿಗಬಹುದು, ಉಳಿದದ್ದು ಹೊಗೆ.

ಲೆಲಿಸ್ಟಾಡ್‌ನ ರೆಟೂರ್‌ಮಾಟ್ರಾಸ್ ಕಂಪನಿ ಮಾಡುವುದು ಬೇರೆಯೇ ಕೆಲಸ. ನಗರಸಭೆಗಳ ಕಸ ಸಂಗ್ರಹ ಕೇಂದ್ರದಿಂದ ಬಂದ ಹಾಸಿಗೆಯ ಹೊದಿಕೆಯನ್ನು ಯಂತ್ರ ಸೀಳಿ ಸುಲಿಯುತ್ತದೆ. ಒಳಗಿನ ಫೋಮ್, ಲೇಟೆಕ್ಸ್, ಸ್ಪ್ರಿಂಗಿನ ಉಕ್ಕು, ಬಟ್ಟೆ ಬೇರೆಬೇರೆ ರಾಶಿಗೆ ಬೀಳುತ್ತವೆ. ಸ್ಪ್ರಿಂಗ್ ಒಂದೊಂದನ್ನೂ ಪುಟ್ಟ ಬಟ್ಟೆಚೀಲದಲ್ಲಿ ಹೊಲಿದ ‘ಪಾಕೆಟ್ ಸ್ಪ್ರಿಂಗ್’ ಹಾಸಿಗೆಯನ್ನು ಬಿಡಿಸುವುದು ತಲೆನೋವಿನ ಕೆಲಸ, ಆದರೂ ಅದರ ಉಕ್ಕು ಬೇರೆಯಾಗುತ್ತದೆ. ಫೋಮನ್ನು ಚೂರು ಮಾಡಿ, ಅಂಟು ಬೆರೆಸಿ, ಒತ್ತಿ ಜೂಡೋ ಮ್ಯಾಟ್ ಮಾಡುವ ವಿದ್ಯೆ ಹಳೆಯದು. ಅಷ್ಟಕ್ಕೆ ನಿಲ್ಲದೆ ಕಂಪನಿ ಈಗ ಫೋಮನ್ನು ರಾಸಾಯನಿಕವಾಗಿ ಒಡೆದು ‘ಪಾಲಿಯಾಲ್’ ಎಂಬ ದ್ರವವನ್ನು ಮರಳಿ ಪಡೆಯಲು ಹೊರಟಿದೆ. ಹೊಸ ಫೋಮಿನ ಮುಖ್ಯ ಕಚ್ಚಾವಸ್ತು ಅದೇ. ಡೌ ಎಂಬ ರಾಸಾಯನಿಕ ಕಂಪನಿಯೂ ಫ್ರಾನ್ಸ್‌ನ ಸೆಮೊಯ್‌ನಲ್ಲಿ 2021ರಲ್ಲಿ ಇಂಥದೇ ಘಟಕ ತೆರೆಯಿತು.

ಇದೆಲ್ಲ ಪರಿಸರಪ್ರೇಮಿಗಳ ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಐಕಿಯಾ ಅಂಗಡಿಗಳನ್ನು ನಡೆಸುವ ಇಂಗ್ಕಾ ಸಮೂಹ 2019ರಲ್ಲೇ ರೆಟೂರ್‌ಮಾಟ್ರಾಸ್‌ನಲ್ಲಿ ಹಣ ಹೂಡಿತು. ಹಾಸಿಗೆ ಮಾರುವವರೇ ಹಳೆ ಹಾಸಿಗೆಯಲ್ಲಿ ಬೆಲೆ ಕಂಡಿದ್ದಾರೆ ಎಂದಾಯಿತು. ಕೊಳ್ಳುವಾಗಲೇ ಶುಲ್ಕ ಕೊಟ್ಟವನು ರಾತ್ರೋರಾತ್ರಿ ಹಾಸಿಗೆಯನ್ನು ರಸ್ತೆ ಬದಿಗೆ ಎಸೆಯುವ ಸಂಭವವೂ ಕಡಿಮೆ. ನಮ್ಮಲ್ಲಿ ಖಾಲಿ ಸೈಟಿನ ಮೂಲೆಯಲ್ಲಿ, ರಾಜಕಾಲುವೆಯ ಬಾಯಲ್ಲಿ ನೆನೆದು ಉಬ್ಬಿದ ಹಾಸಿಗೆ ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ಟಯರು, ಬ್ಯಾಟರಿ, ಇ-ಕಸಕ್ಕೆ ತಯಾರಕರ ಹೊಣೆಯ ನಿಯಮ ಬಂದಿದೆ, ಹಾಸಿಗೆಗೆ ಮಾತ್ರ ಯಾರೂ ವಾರಸುದಾರರಿಲ್ಲ.

ವಿರೋಧ

ಗುಡ್ಡೆಬಿದ್ದ ಹಾಸಿಗೆಗಳನ್ನು ಸುಡುವುದಕ್ಕಿಂತ ಬಿಡಿಸುವುದು ವಾಸಿ, ಒಪ್ಪಿದೆ. ಜಗಳ ಇರುವುದು ‘ಹಳೆಯದರಿಂದ ಹೊಸದು’ ಎಂಬ ಘೋಷಣೆಯ ಮೇಲೆ.

ಪಾಲಿಯುರೆಥೇನ್ ಫೋಮ್ ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಜಾತಿಯದಲ್ಲ. ಕಾಯಿಸಿದರೆ ಕರಗದು, ಕರಕಲಾಗುತ್ತದೆ. ಒಟ್ಟೊ ಬಾಯರ್ ಎಂಬ ರಸಾಯನಶಾಸ್ತ್ರಜ್ಞ 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಕಂಡುಹಿಡಿದ ಈ ರಸಾಯನದ ಗುಣವೇ ಹಾಗೆ. ಪಾಲಿಯಾಲ್ ಮತ್ತು ಐಸೊಸಯನೇಟ್ ಸೇರಿದವೆಂದರೆ ಬಿಡಿಸಲಾಗದ ಗಂಟು. ಆ ಗಂಟನ್ನು ಒಡೆದಾಗ ಇವತ್ತು ಹೆಚ್ಚಾಗಿ ಸಿಗುವುದು ಪಾಲಿಯಾಲ್ ಮಾತ್ರ. ಅದನ್ನೂ ಹೊಸ ಪಾಲಿಯಾಲ್ ಜೊತೆ ಬೆರೆಸಿಯೇ ಬಳಸಬೇಕು. ಫೋಮಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಬೇಕಾದ ಐಸೊಸಯನೇಟ್ ಹೊಸದಾಗಿಯೇ ಬರಬೇಕು, ಅದು ಉಸಿರಾಟಕ್ಕೆ ಅಪಾಯಕಾರಿ ರಾಸಾಯನಿಕ. ಎರಡನ್ನೂ ಮರಳಿ ಪಡೆಯುವ ಪ್ರಯೋಗವನ್ನು ಕೋವೆಸ್ಟ್ರೋ ಎಂಬ ರಾಸಾಯನಿಕ ಕಂಪನಿ ಅದೇ ಲೆವರ್ಕುಸೆನ್‌ನಲ್ಲಿ ನಡೆಸಿದೆ ನಿಜ. ಪ್ರಯೋಗ ಮುಗಿದು ಕಾರ್ಖಾನೆಯಾದ ಮೇಲೆ ಘೋಷಣೆ ಕೂಗಲಿ.

ಇನ್ನು ಜೂಡೋ ಮ್ಯಾಟ್. ಒಂದು ದೇಶಕ್ಕೆ ಎಷ್ಟು ಜೂಡೋ ಮ್ಯಾಟ್ ಬೇಕು? (ಡಚ್ಚರು ಜೂಡೋದಲ್ಲಿ ಗಟ್ಟಿಗರೇ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಂಟನ್ ಗೇಸಿಂಕ್ ಜಪಾನೀಯರ ನೆಲದಲ್ಲೇ ಚಿನ್ನ ಗೆದ್ದವರು. ಆದರೂ!) ಆ ಮ್ಯಾಟ್ ಸವೆದ ಮೇಲೆ ಮತ್ತೆ ಕುಲುಮೆಯೇ ಗತಿಯಾದರೆ ಅದನ್ನು ಚಕ್ರ ಎನ್ನುವುದು ಹೇಗೆ? ನೆನೆದ, ಹೊಲಸಾದ ಹಾಸಿಗೆಗಳು ಈ ಸಾಲಿಗೇ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೊಡ್ಡ ತಕರಾರು ಬೇರೆಯೇ ಇದೆ. ಪೆಟ್ಟಿಗೆಯಲ್ಲಿ ಸುತ್ತಿ ಬರುವ ಅಗ್ಗದ ಫೋಮ್ ಹಾಸಿಗೆ, ನೂರು ರಾತ್ರಿ ಮಲಗಿ ನೋಡಿ ಬೇಡವೆಂದರೆ ವಾಪಸ್ ಕೊಡಿ ಎನ್ನುವ ಜಾಹೀರಾತು, ಇದು ಇವತ್ತಿನ ವ್ಯಾಪಾರ. ‘ಹೇಗೂ ಮರುಬಳಕೆಯಾಗುತ್ತದಲ್ಲ’ ಎಂಬ ಸಮಾಧಾನ ಸಿಕ್ಕರೆ ಹಾಸಿಗೆ ಬದಲಿಸುವ ಚಪಲಕ್ಕೆ ತಡೆಯೇ ಇರುವುದಿಲ್ಲ.

ಫೋಮಿಲ್ಲದೆಯೂ ಆಗುತ್ತದೆ ಎಂದು ತೋರಿಸಿದವರು ಡಚ್ಚರೇ. ಡೆವೆಂಟರ್‌ನ ಔಪಿಂಗ್ 1888ರಷ್ಟು ಹಳೆಯ ಕಂಪನಿ. ಅದು ಡಿಎಸ್‌ಎಂ-ನಿಯಾಗಾ ಕಂಪನಿಯ ಜೊತೆ ಸೇರಿ 2020ರಲ್ಲಿ ‘ರಿವೈವ್’ ಹಾಸಿಗೆ ತಂದಿತು. ಅದರಲ್ಲಿ ಇರುವುದು ಉಕ್ಕು ಮತ್ತು ಪಾಲಿಯೆಸ್ಟರ್, ನಡುವೆ ಬೇಕೆಂದಾಗ ಬಿಟ್ಟುಕೊಳ್ಳುವ ಅಂಟು. ಬಿಡಿಸಿದರೆ ಉಕ್ಕು ಉಕ್ಕಿಗೆ, ಪಾಲಿಯೆಸ್ಟರ್ ಪಾಲಿಯೆಸ್ಟರ್‌ಗೆ.

ಅಷ್ಟು ದೂರವೂ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರರು ಬಿಲ್ಲು ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದರು. ಗಂಟುಗಟ್ಟಿದ ಗಾದಿಯನ್ನು ಬಿಚ್ಚಿ ಹತ್ತಿಯನ್ನು ಅಂಗಳದಲ್ಲಿ ಸುರಿದು, ಬಿಲ್ಲಿನ ತಂತಿ ಮೀಟುತ್ತಿದ್ದಂತೆ ಅರಳೆ ಎದ್ದು ಮೀಸೆ, ರೆಪ್ಪೆಯ ಮೇಲೆಲ್ಲ ಕೂರುತ್ತಿತ್ತು. ಸಂಜೆಗೆ ಅದೇ ಹತ್ತಿ ಹೊಸ ಬಟ್ಟೆಯೊಳಗೆ. ಹತ್ತಿ ಗಾದಿ ಬೆನ್ನಿಗೆ ಸಾಲದು, ತಿಗಣೆ ಕಾಟ ಎನ್ನುವವರಿದ್ದಾರೆ, ಸುಳ್ಳಲ್ಲ. ಪಿಂಜಾರರ ಶ್ವಾಸಕೋಶಕ್ಕೆ ಆ ಧೂಳು ಕೊಟ್ಟ ಕಷ್ಟವೂ ಸುಳ್ಳಲ್ಲ. ಆದರೆ ಬಿಚ್ಚಲು ಬರುವಂತೆ ಹೊಲಿಯುವುದು ಆಗದ ಕೆಲಸವೇನಲ್ಲ.

ಶುಲ್ಕ ತೆಗೆದುಹಾಕಿ ಎಂಬುದು ನನ್ನ ವಾದವಲ್ಲ. ಸುಲಭವಾಗಿ ಬಿಚ್ಚಬಹುದಾದ ಹಾಸಿಗೆಗೆ ಅದು ನಾಲ್ಕಾಣೆಯಷ್ಟಿರಲಿ, ಪದರಪದರವಾಗಿ ಅಂಟಿಸಿದ ಫೋಮ್ ಹಾಸಿಗೆಗೆ ಕೊಳ್ಳುವವನು ಎರಡು ಸಲ ಯೋಚಿಸುವಷ್ಟಿರಲಿ.