ಶಿರಾಡಿಯ ಹಾದಿಯೂ ಏಕೀಕರಣವೂ

ಕನ್ನಡ ನಾಡು ಒಂದಾಯಿತೆಂಬ ಮಾತನ್ನು ನಾವು ಪ್ರತಿವರ್ಷವೂ ನವೆಂಬರ್ 1ರಂದು ಹೇಳುತ್ತೇವೆ, ಕೇಳುತ್ತೇವೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಬೇಕಾದರೆ ಸಭಾಮಂಟಪದಲ್ಲಿ ಕುಳಿತರೆ ಸಾಲದು. ಹಾಸನದಿಂದ ಮಂಗಳೂರಿಗೆ ಒಮ್ಮೆ ರಸ್ತೆಯ ಮೇಲೆ ಹೋಗಿಬರಬೇಕು. ಮಿತ್ರರಿಬ್ಬರೊಡನೆ ನಾವು ಈಚೆಗೆ ಹಾಗೆ ಹೋಗಿಬಂದೆವು. ಒಬ್ಬರು ಹಾಸನದ ಉಪಾಧ್ಯಾಯರು. ಇನ್ನೊಬ್ಬರು ಪುತ್ತೂರು ಸೀಮೆಯ ಕೃಷಿಕರು.

ಆಲೂರಿನ ಹೆಸರು ಕಂಡೊಡನೆ ಪುತ್ತೂರಿನ ಮಿತ್ರರು, "ವೆಂಕಟರಾಯರ ಊರು ಇದೆಯೋ?" ಎಂದರು. ಅಲ್ಲ. 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ ಆಲೂರ ವೆಂಕಟರಾಯರ ಮನೆತನದ ಆಲೂರು ಉತ್ತರ ಕರ್ನಾಟಕದ್ದು. ಆದರೂ ಮಲೆನಾಡಿನ ಹೆಬ್ಬಾಗಿಲಿನಲ್ಲಿ ಆ ಕುಲಪುರೋಹಿತರ ನೆನಪಾದುದು ಶುಭವೆಂದೇ ನಾವು ಎಣಿಸಿದೆವು. ಪಾಳ್ಯ, ಬಾಳುಪೇಟೆಗಳನ್ನು ದಾಟಿದ ಮೇಲೆ ಗದ್ದೆಗಳು ಹಿಂದಾಗಿ ಕಾಫಿತೋಟಗಳು ಮುಂದಾದುವು. ಸಕಲೇಶಪುರದಲ್ಲಿ ಹೇಮಾವತಿ ತುಂಬಿ ಹರಿಯುತ್ತಿದ್ದಳು.

ಪಟ್ಟಣವನ್ನು ಬಿಟ್ಟು ದೋಣಿಗಾಲಿನ ಬಳಿ ನಾವು ಮಂಜರಾಬಾದಿನ ಕೋಟೆಯನ್ನು ಹತ್ತಿದೆವು. ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆಯನ್ನು ಟಿಪ್ಪು ಸುಲ್ತಾನನು 1792ರಲ್ಲಿ ಮುಗಿಸಿದನು. ಬೆಟ್ಟವನ್ನು ಕವಿದ ಮಂಜಿನಿಂದ ಅದಕ್ಕೆ ಆ ಹೆಸರು ಬಂದಿತೆಂದು ಜನರು ಹೇಳುತ್ತಾರೆ. ಅದರ ಕೆಲಸವಂತೂ ಸ್ಪಷ್ಟವಾದುದು: ಕಡಲಿಂದ ಘಟ್ಟವೇರಿ ಬರುವ ಹಾದಿಯನ್ನು ಕಾಯುವುದು. ಈ ಹಾದಿಯ ಬೆಲೆಯನ್ನು ಅಂದಿನವರು ಅರಿತಿದ್ದರು. 1799ರಲ್ಲಿ ಟಿಪ್ಪು ಮಡಿದ ಬಳಿಕ ಘಟ್ಟದ ಮೇಲಿನ ನಾಡು ಮೈಸೂರಿಗೆ ಉಳಿಯಿತು, ಕೆಳಗಿನ ನಾಡು ಕಂಪನಿಯ ಕೈಸೇರಿ ಮದ್ರಾಸು ಪ್ರಾಂತಕ್ಕೆ ಹೋಯಿತು. ಒಂದೇ ಹಾದಿ, ತಲೆಯೊಬ್ಬರಿಗೆ, ಕಾಲೊಬ್ಬರಿಗೆ. ಸಕಲೇಶಪುರದ ವ್ಯಾಜ್ಯವು ಮೇಲ್ಮನವಿಗಾಗಿ ಬೆಂಗಳೂರಿಗೆ ಹೋದರೆ ಪುತ್ತೂರಿನದು ಮದ್ರಾಸಿಗೆ ಹೋಗಬೇಕಾಗಿತ್ತು. 1956ರಲ್ಲಿ ಈ ಗೋಡೆ ಬಿದ್ದಿತು. ಕಾಸರಗೋಡು ಹೊರಗುಳಿದುದೂ, 1967ರ ಮಹಾಜನ ವರದಿಯ ಶಿಫಾರಸು ಇಂದಿಗೂ ಕಾಗದದಲ್ಲಿಯೇ ಇರುವುದೂ ಬೇರೆಯೇ ದುಃಖ.

ಆದರೆ ದಕ್ಕಿದ ಭಾಗದ ಗತಿಯೇನು? ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲ ಒಂದು ಸಂಗತಿಯುಂಟು: ಡಿಕ್ರಿಯಾದ ಮಾತ್ರಕ್ಕೆ ಜಮೀನು ಕೈಗೆ ಬಾರದು, ಅಮಲ್ಜಾರಿಯಾಗಬೇಕು. 1956ನೆಯ ಇಸವಿ ನಮ್ಮ ಡಿಕ್ರಿ. ಅಮಲ್ಜಾರಿಯ ಕಥೆಯನ್ನು ವಾಚಕರೇ ನೋಡಲಿ. ಹಾಸನ-ಮಂಗಳೂರು ರೈಲುಮಾರ್ಗವು ತೆರೆದದ್ದು 1979ರಲ್ಲಿ, ಎಂದರೆ 23 ವರ್ಷಗಳ ಮೇಲೆ. ಹಳಿಯನ್ನು ಅಗಲಮಾಡಲೆಂದು 1996ರಲ್ಲಿ ಘಟ್ಟದಲ್ಲಿ ನಿಂತ ಪ್ರಯಾಣಿಕರ ಗಾಡಿಯು ಮರಳಿ ಓಡಿದ್ದು 2007ರಲ್ಲಿ. ರಸ್ತೆಯು ಕಾಂಕ್ರೀಟಿಗಾಗಿ 2015ರಲ್ಲಿಯೂ 2018ರಲ್ಲಿಯೂ ತಿಂಗಳುಗಟ್ಟಲೆ ಮುಚ್ಚಿತು. 2018ರಲ್ಲಿ ತೆರೆದ ಮರುತಿಂಗಳೇ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲಿನಲ್ಲಿ ಮಣ್ಣು ಜರಿದು ರಸ್ತೆಯೂ, ಎಡಕುಮೇರಿ-ಕಡಗರವಳ್ಳಿಗಳ ನಡುವೆ ನೆಲ ಕುಸಿದು ರೈಲೂ ಒಂದೇ ತಿಂಗಳಿನಲ್ಲಿ ನಿಂತುಹೋದುವು.

ಮಾರನಹಳ್ಳಿಯ ಬಳಿ ಚಹದ ಅಂಗಡಿಯಲ್ಲಿ ಲಾರಿಯವನೊಬ್ಬನನ್ನು ಮಾತನಾಡಿಸಿದೆವು. "ಮಳೆ ಹಿಡೀತು ಅಂದ್ರೆ, ಸ್ವಾಮೀ, ನಮಗೆ ಮಂಗಳೂರು ಬೇರೆ ದೇಶಾನೇ," ಎಂದನು. ಏಕೀಕರಣದ ಮೇಲೆ ನಾವು ಕೇಳಿದ ಭಾಷಣಗಳಾವುವೂ ಇಷ್ಟು ಮನಸ್ಸಿಗೆ ನಾಟಿರಲಿಲ್ಲ.

ಮಳೆಯು ದೈವಾಧೀನವೆಂದು ಹೇಳುವವರುಂಟು. ಮಳೆ ದೈವಾಧೀನವೇ ಸರಿ; ಗುಡ್ಡದ ಬುಡವನ್ನು ಗೋಡೆಯಂತೆ ನೇರವಾಗಿ ಕಡಿದದ್ದು ಮನುಷ್ಯಾಧೀನ. ಬೇರು ಹೋದ ಮಣ್ಣು ನೀರು ಕುಡಿದರೆ ನಿಲ್ಲದೆಂಬುದು ತೋಟದ ಆಳಿಗೂ ಗೊತ್ತಿದೆ. ಇದರಲ್ಲಿ ನಮ್ಮ ಪಾಲೂ ಇಲ್ಲದಿಲ್ಲ. ರಸ್ತೆ ಅಗಲವಾಗಲಿ, ಬೇಗನೆ ಆಗಲಿ ಎಂದು ಕೂಗಿದವರು ನಾವೇ. ಉಪಾಧ್ಯಾಯ ಮಿತ್ರರು ಇದನ್ನು ನೆನಪಿಸಿದಾಗ ಉತ್ತರ ಹೇಳಲಾರದೆ ನಾವು ಸುಮ್ಮನಾದೆವು.

ಆದುದರಿಂದ ನಾವು ಕೇಳುವುದು ಇನ್ನಷ್ಟು ಅಗಲವನ್ನಲ್ಲ; ನಿಲ್ಲುವಂಥ ರಸ್ತೆಯನ್ನು. ಕಡಿಯುವ ಮೊದಲು ಭೂಶಾಸ್ತ್ರಜ್ಞರು ಮಣ್ಣನ್ನು ಪರೀಕ್ಷಿಸಲಿ, ಇಳಿಜಾರು ಓರೆಯಾಗಿರಲಿ, ಗುಡ್ಡದ ನೆತ್ತಿಯ ನೀರಿಗೆ ಕಾಲುವೆಯೂ ಬುಡಕ್ಕೆ ತಡೆಗೋಡೆಯೂ ಆಗಲಿ, ಹಸುರು ಮತ್ತೆ ಬೇರೂರಲಿ, ಈ ಕೆಲಸಗಳು ಮುಂಗಾರಿಗೆ ಮುಂಚೆ ಮುಗಿಯಲಿ. ಚಾರ್ಮಾಡಿ, ಬಿಸಿಲೆ, ಸಂಪಾಜೆಗಳ ಹಾದಿಗಳನ್ನು ಶಿರಾಡಿ ಮುಚ್ಚಿದ ದಿನ ಮಾತ್ರ ನೆನೆಯದೆ ವರ್ಷವಿಡೀ ಸುಸ್ಥಿತಿಯಲ್ಲಿಡಲಿ.

ಘಟ್ಟದ ಮೇಲಿನ ಹೇಮಾವತಿಯು ಕಾವೇರಿಯನ್ನು ಕೂಡಲು ಮೂಡಲಿಗೆ ಹರಿಯುತ್ತಾಳೆ. ಕೆಳಗಿನ ಕೆಂಪುಹೊಳೆಯು ಪಡುಗಡಲನ್ನು ಅರಸಿ ಇಳಿಯುತ್ತದೆ. ನೀರು ಇಲ್ಲಿ ಬೇರೆಯಾಗುವುದು ಸಹಜ. ಜನರು ಬೇರೆಯಾಗಬಾರದೆಂದೇ ಹಿರಿಯರು ಅಷ್ಟು ದುಡಿದರು. ಊರೂರಿನ ಉಪಾಧ್ಯಾಯರೂ ಪೌರರೂ ತಮ್ಮ ಪ್ರತಿನಿಧಿಗಳಿಗೆ ಈ ವಿಷಯವಾಗಿ ಬರೆಯಲಿ. ಉತ್ತರ ಬರುವವರೆಗೂ ಬರೆಯುತ್ತಿರಲಿ. ಡಿಕ್ರಿದಾರನು ಸುಮ್ಮನೆ ಕುಳಿತರೆ ಅಮಲ್ಜಾರಿ ತಾನಾಗಿ ಆಗುವುದಿಲ್ಲ.