ಇಂಗ್ಲಿಷಿನ ‘ಹಾರ್ಟ್’, ನಮ್ಮ ಎದೆ ಮತ್ತು ಕರುಳು

ಇಂಗ್ಲಿಷ್ ಪಾಠದ ಕೊನೆಯಲ್ಲಿ ಕೊಡುವ ಕಠಿಣ ಪದಗಳ ಪಟ್ಟಿಯಲ್ಲಿ ‘ಹಾರ್ಟ್’ ಎಂಬ ಪದ ಸಾಮಾನ್ಯವಾಗಿ ಇರುವುದಿಲ್ಲ. ಹಾರ್ಟ್ ಎಂದರೆ ಹೃದಯವೆಂದು ಐದನೆಯ ತರಗತಿಯ ಮಗುವೂ ಹೇಳುತ್ತದೆ. ಆದರೆ ನಮ್ಮ ಮಕ್ಕಳ ಅನುವಾದ ಹೆಚ್ಚಾಗಿ ಕೆಡುವುದು ಇಂಥ ಸುಲಭ ಪದಗಳಲ್ಲಿಯೇ. ‘ಹಿ ಲಾಸ್ಟ್ ಹಾರ್ಟ್’ ಎಂಬುದನ್ನು ‘ಅವನು ಹೃದಯವನ್ನು ಕಳೆದುಕೊಂಡನು’ ಎಂದು ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಅರ್ಥ ಮಾತ್ರ ಎತ್ತಲೋ ಹೋಗಿರುತ್ತದೆ. ‘ಚೇಂಜ್ ಆಫ್ ಹಾರ್ಟ್’ ಎಂದರೆ ‘ಹೃದಯ ಬದಲಾವಣೆ’ ಎಂದು ಬರೆದವರಿಗೆ ನಾವು ಹೇಳುವುದುಂಟು: ಆ ಕೆಲಸವನ್ನು 1967ರ ಡಿಸೆಂಬರ್ 3ರಂದು ಕೇಪ್‌ಟೌನ್ ನಗರದಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಮಾಡಿದರು, ನಿಮ್ಮ ಪಾಠದಲ್ಲಿ ಆದದ್ದು ಬರೀ ಮನಃಪರಿವರ್ತನೆ!

ರಕ್ತವನ್ನು ಒತ್ತಿ ಕಳುಹಿಸುವ ಒಂದು ಅಂಗಕ್ಕೆ ಇಷ್ಟೆಲ್ಲ ಕೆಲಸ ಹೇಗೆ ಬಂತು? ಹಿಂದಿನವರು ಬುದ್ಧಿ, ನೆನಪು, ಧೈರ್ಯ, ಪ್ರೀತಿಗಳೆಲ್ಲ ಅಲ್ಲಿಯೇ ನೆಲಸಿವೆಯೆಂದು ನಂಬಿದ್ದರು. ಗ್ರೀಸಿನ ಅರಿಸ್ಟಾಟಲನ ಮತವೂ ಅದೇ ಆಗಿತ್ತು. ನಂಬಿಕೆ ಹೋಯಿತು, ನುಡಿಗಟ್ಟು ಉಳಿಯಿತು. ಲ್ಯಾಟಿನಿನಲ್ಲಿ ಹೃದಯಕ್ಕೆ ‘ಕೋರ್’ ಎನ್ನುತ್ತಾರೆ. ಧೈರ್ಯವೆಂಬ ಅರ್ಥದ ‘ಕರೇಜ್’, ಸ್ನೇಹಭಾವದ ‘ಕಾರ್ಡಿಯಲ್’, ದಾಖಲೆ ಎಂಬ ಅರ್ಥದ ‘ರೆಕಾರ್ಡ್’ ಇವೆಲ್ಲ ಅದರ ಸಂತಾನ. ‘ಹಾರ್ಟ್’, ‘ಕೋರ್’, ಸಂಸ್ಕೃತದ ‘ಹೃದ್’ ಇವು ಮೂರೂ ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹಾಗಾಗಿ ನಾವು ಸಭೆಗಳಲ್ಲಿ ಹೇಳುವ ‘ಹಾರ್ದಿಕ ಸ್ವಾಗತ’ವೂ ಇಂಗ್ಲಿಷರ ‘ಕಾರ್ಡಿಯಲ್ ವೆಲ್ಕಮ್’ ಎಂಬುದೂ ದಾಯಾದಿಗಳೇ.

ಅಚ್ಚಗನ್ನಡದ ದಾರಿ ಬೇರೆ. ಇಂಗ್ಲಿಷರು ಒಂದೇ ಅಂಗದ ತಲೆಯ ಮೇಲೆ ಹೇರಿದ ಹೊರೆಯನ್ನು ನಮ್ಮ ಹಿರಿಯರು ನಾಲ್ಕಾರು ಕಡೆ ಹಂಚಿದರು. ಧೈರ್ಯವನ್ನು ಎದೆಗೆ ಕೊಟ್ಟರು: ಎದೆಗಾರ, ಎದೆಗಾರಿಕೆ. ‘ಲೂಸ್ ಹಾರ್ಟ್’ ಎಂಬುದಕ್ಕೆ ‘ಎದೆಗುಂದು’ ಎಂಬುದಕ್ಕಿಂತ ಒಳ್ಳೆಯ ಮಾತನ್ನು ಯಾವ ಪಂಡಿತನೂ ಹುಟ್ಟಿಸಲಾರ. ಮರುಕವನ್ನು ಕರುಳಿಗೆ ಕೊಟ್ಟರು. ‘ಹಾರ್ಟ್ ರೆಂಡಿಂಗ್’ ಎಂದರೆ ಕರುಳು ಕಿತ್ತು ಬರುವಂಥದು. ‘ಹಾರ್ಟ್ ಟು ಹಾರ್ಟ್’ ಮಾತೆಂದರೆ ಮನಬಿಚ್ಚಿ ಆಡಿದ ಮಾತು. ಭಯವಾದಾಗ ಅವರಿಗೆ ಹಾರ್ಟ್ ಬಾಯಿಗೆ ಬರುತ್ತದೆ, ನಮಗೆ ಜೀವವೇ ಬಾಯಿಗೆ ಬರುತ್ತದೆ. ಇನ್ನು ಅವರ ‘ಹಾರ್ಟ್‌ಬರ್ನ್’ ಹೊಟ್ಟೆಯ ಆಮ್ಲ ಮೇಲೇರಿ ಬರುವ ಎದೆಯುರಿ. ನಮ್ಮ ಹೊಟ್ಟೆಯುರಿಗೂ ಹೊಟ್ಟೆಗೂ ಸಂಬಂಧವೇ ಇಲ್ಲ, ನೆರೆಮನೆಯವನ ಏಳಿಗೆಗೆ ಸಂಬಂಧ!

‘ಬೈ ಹಾರ್ಟ್’ ಎಂಬುದರ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅವರು ಪಾಠವನ್ನು ಹೃದಯದಲ್ಲಿಟ್ಟರೆ ನಾವು ಬಾಯಿಪಾಠ, ಕಂಠಪಾಠ ಮಾಡುತ್ತೇವೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ನೆರೆಯ ಮಲಯಾಳದಲ್ಲಿ ಇದಕ್ಕೆ ‘ಹೃದಿಸ್ಥಮಾಕ್ಕುಕ’ ಎನ್ನುತ್ತಾರೆ. ಹೃದಯದಲ್ಲಿ ನೆಲೆಗೊಳಿಸುವುದೆಂದೇ ಅದರ ಅರ್ಥ. ಕನ್ನಡಕ್ಕಿಂತ ಇದು ಇಂಗ್ಲಿಷಿಗೆ ಹತ್ತಿರ. ತುಳುವರು ‘ಉಡಲ್ ದಿಂಜಿನ ಸೊಲ್ಮೆಲು’ ಎಂದು ವಂದನೆ ಸಲ್ಲಿಸುವಾಗ ಆ ‘ಉಡಲ್’ ಎಂಬುದನ್ನು ಕೇಳಿದ ಕನ್ನಡದ ಕಿವಿಗೆ ‘ಒಡಲು’ ನೆನಪಾಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಹುಡುಗನಿಗೆ ಒಂದು ಮಾತನ್ನು ಹಲವು ಬಗೆಯಲ್ಲಿ ಹೇಳಬಹುದೆಂಬುದು ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷ್ ಅವನಿಗೆ ಮತ್ತೊಂದು ಬಗೆ, ಅಷ್ಟೆ.

ಇದನ್ನು ನಾವು ಬರೆಯುತ್ತಿರುವುದು ಹೆತ್ತವರಿಗಾಗಿಯೂ ಹೌದು. ‘ಮಗುವಿನ ಇಂಗ್ಲಿಷ್ ಸುಧಾರಿಸಬೇಕು, ಇನ್ನು ಮನೆಯಲ್ಲಿಯೂ ಇಂಗ್ಲಿಷಿನಲ್ಲೇ ಮಾತಾಡಿಸೋಣವೆ ಮಾಸ್ತರರೇ?’ ಎಂದು ಅನೇಕರು ಕೇಳುತ್ತಾರೆ. ಬೇಡವೆಂದೇ ನಮ್ಮ ಅಭಿಪ್ರಾಯ. ಇಂಗ್ಲಿಷನ್ನು ನಾವು ಕೀಳುಗಳೆಯುವವರಲ್ಲ. ಅದು ಬೇಕು, ಚೆನ್ನಾಗಿಯೇ ಬರಬೇಕು. ಆದರೆ ‘ಎದೆಗುಂದಬೇಡ ಮಗಾ’ ಎಂದು ಅಜ್ಜಿಯ ಬಾಯಿಂದ ಕೇಳಿದ ಮಗುವಿಗೆ ‘ಡೋಂಟ್ ಲೂಸ್ ಹಾರ್ಟ್’ ಎಂಬುದನ್ನು ವಿವರಿಸಲು ನಮಗೆ ಒಂದು ನಿಮಿಷ ಸಾಕು. ಆ ಮಾತನ್ನೇ ಕೇಳದ ಮಗುವಿಗೆ ಎರಡು ಭಾಷೆಗಳನ್ನೂ ಹೊಸದಾಗಿ ಕಲಿಸಬೇಕಾಗುತ್ತದೆ. ಮನೆಯಲ್ಲಿ ಹತ್ತೇ ಹತ್ತು ಇಂಗ್ಲಿಷ್ ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ಆಡಿದರೆ ಮಗುವಿಗೆ ಸಿಗುವುದು ಆ ಹತ್ತೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಫರ್ಡಿನಾಂಡ್ ಕಿಟೆಲ್ ಅವರು ಪದಗಳ ಜೊತೆಗೆ ಗಾದೆಗಳನ್ನೂ ಹೇರಳವಾಗಿ ಸೇರಿಸಿದರು. ಜರ್ಮನಿಯಿಂದ ಬಂದವರಿಗೆ ಬೆಲೆಯುಳ್ಳದ್ದಾಗಿ ಕಂಡ ಮಾತನ್ನು ನಮ್ಮ ಜಗಲಿಯಿಂದ ನಾವೇ ಓಡಿಸಬೇಕೆ?

ವಿದ್ಯಾರ್ಥಿಗಳಿಗೂ ಒಂದು ಸೂಚನೆ. ‘ಹಾರ್ಟ್’ ಕಂಡಾಗ ಗೈಡನ್ನೋ ಮೊಬೈಲನ್ನೋ ತೆರೆಯುವ ಮೊದಲು, ಇಂಥ ಸಂದರ್ಭದಲ್ಲಿ ನಮ್ಮ ಮನೆಯಲ್ಲಿ ಏನು ಹೇಳುತ್ತಾರೆಂದು ಯೋಚಿಸಿರಿ. ಎಲ್ಲದಕ್ಕೂ ಉತ್ತರ ದೊರೆಯುತ್ತದೆಂದು ನಾವು ಹೇಳುವುದಿಲ್ಲ. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಇಯಾಗೊ ಎಂಬ ಕುಟಿಲನ ಮಾತಿನಿಂದ ಪ್ರಸಿದ್ಧವಾದ ಒಂದು ನುಡಿಗಟ್ಟಿದೆ: ಹಾರ್ಟನ್ನು ಅಂಗಿಯ ತೋಳಿನ ಮೇಲೆ ಧರಿಸುವುದು. ಒಳಗಿನದನ್ನೆಲ್ಲ ಬಚ್ಚಿಡದೆ ಹೊರಗೆ ತೋರಿಸಿಕೊಳ್ಳುವುದೆಂದು ಅರ್ಥ. ‘ಮನಸ್ಸಿನಲ್ಲಿದ್ದುದು ಮುಖದಲ್ಲಿ’ ಎಂದು ಹೇಳಿ ನೋಡಿದೆವು; ಅಂಗಿಯ ತೋಳಿನ ಸೊಗಸು ಅದರಲ್ಲಿ ಬರಲಿಲ್ಲ. ನಿಮ್ಮ ಅಜ್ಜಿಯರಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಮಾತು ಗೊತ್ತಿದ್ದರೆ ಕೇಳಿ ಬರೆದು ತನ್ನಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.